ಗಟಾರ ಊರಿನ ಸುದ್ದಿ ಹೇಳುತ್ತದೆ, ಮನೆಯದಲ್ಲ

ಬಳಸಿ ಬಿಟ್ಟ ನೀರನ್ನು (ಬಚ್ಚಲು, ಸಂಡಾಸುಗಳಿಂದ ಹೊರಹೋಗುವ ಕೊಳಚೆ) ಪರೀಕ್ಷಿಸಿ ಊರಿನಲ್ಲಿ ವೈರಾಣು ಹರಡುತ್ತಿದೆಯೇ ಎಂದು ತಿಳಿಯುವ ಪದ್ಧತಿಯ ಬಗ್ಗೆ ಹಿಂದೆ ಇದೇ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ಅಲ್ಲಿಯ ಗಟಾರದ ನೀರಿನಲ್ಲಿ ಕೊರೊನಾ ವೈರಸ್ ಸಿಕ್ಕಿತ್ತು ಎಂದು ಹೇಳಿದ. ನಾವು ಹೊಳೆ ನಂಬಿದವರು. ದನಕ್ಕೂ ಕಬ್ಬಿಗೂ ಕುಡಿಯಲಿಕ್ಕೂ ಅದೇ ನೀರು. ಮೇಲಿನ ಊರುಗಳ ಕೊಳಚೆಯೆಲ್ಲ ಕೊನೆಗೆ ಹೊಳೆಗೇ ಬರುತ್ತದೆ. ಹಾಗಾದರೆ ರೋಗವೂ ಬರುತ್ತದೆಯೇ? ಹಿನ್ನೀರಿನಲ್ಲಿ ಮೊಮ್ಮಕ್ಕಳನ್ನು ಈಜಲು ಬಿಡಬಹುದೇ?
– ರೈತರು, ಬೀಳಗಿ ತಾಲ್ಲೂಕು

ಉತ್ತರ: ಕೊಳಚೆಯಲ್ಲಿ ವೈರಾಣು ಸಿಕ್ಕಿದೆ ಎಂದರೆ ನೀರೇ ರೋಗವನ್ನು ಹೊತ್ತು ತರುತ್ತಿದೆ ಎಂದು ನಿಮಗೆ ಅನ್ನಿಸಿದೆ. ಹಾಗೆ ಅನ್ನಿಸುವುದು ಸಹಜ. ಆದರೆ ಕೊರೊನಾದ ಮಟ್ಟಿಗೆ ನೀವು ಧೈರ್ಯವಾಗಿರಿ. ಅದು ಹರಡುವುದು ಉಸಿರಿನಿಂದ, ಕೆಮ್ಮು ಸೀನುಗಳ ಹನಿಯಿಂದ. ಹೊಳೆ ನೀರಿನಿಂದ ಅಲ್ಲ.

ಹಾಗಾದರೆ ಬೆಂಗಳೂರಿನಲ್ಲಿ ಸಿಕ್ಕಿದ್ದೇನು? ಸೋಂಕಾದವರ ಮಲದಲ್ಲಿ ವೈರಾಣುವಿನ ಆರ್‌ಎನ್‌ಎ (ಆ ವೈರಾಣುವಿನ ಗುರುತು ಅಡಗಿರುವ ಎಳೆಯಂಥ ರಾಸಾಯನಿಕ) ಹೊರಬೀಳುತ್ತದೆ. ನೀರಿನಲ್ಲಿ ಹುಡುಕುವುದು ಆ ಎಳೆಯ ತುಣುಕುಗಳನ್ನು. ತುಣುಕು ಸಿಕ್ಕಿತೆಂದರೆ ಆ ಪ್ರದೇಶದಲ್ಲಿ ಸೋಂಕಿನವರು ಇದ್ದಾರೆ ಎಂದು ಅರ್ಥ. ತುಣುಕಿನಿಂದ ಕಾಯಿಲೆ ಬರುವುದಿಲ್ಲ.

2021ರ ಆಗಸ್ಟ್‌ನಿಂದ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆ್ಯಂಡ್ ಸೊಸೈಟಿ, ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ವಿಜ್ಞಾನಿಗಳು ಬೆಂಗಳೂರಿನ 28 ಕೊಳಚೆ ಶುದ್ಧೀಕರಣ ಘಟಕಗಳಿಂದ ಮೇಲಿಂದ ಮೇಲೆ ಮಾದರಿ ಸಂಗ್ರಹಿಸಿದರು. ಆ ಘಟಕಗಳಿಗೆ ಬರುವುದು ಸುಮಾರು 1.1 ಕೋಟಿ ಜನ ಬಳಸಿ ಬಿಟ್ಟ ನೀರು. ಒಂದು ಬಾಟಲಿ ಕೊಳಚೆಯನ್ನು ಐಸ್ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಒಯ್ದು, ಅದರಲ್ಲಿ ಚದುರಿಹೋದ ವೈರಾಣುವನ್ನು ಒಂದೆಡೆ ಸೇರಿಸಿ, ಆರ್‌ಎನ್‌ಎ ಬೇರ್ಪಡಿಸಿ, ಪಿಸಿಆರ್ (ಕಣ್ಣಿಗೆ ಕಾಣದಷ್ಟು ಕಡಿಮೆಯಿರುವ ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸುವ ವಿಧಾನ) ಮಾಡುತ್ತಾರೆ. 2022ರ ಜನವರಿಯ ಓಮಿಕ್ರಾನ್ ಅಲೆ ಈ ನೀರಿನಲ್ಲೂ ಕಂಡಿತು.

ಇಷ್ಟೆಲ್ಲ ಕಷ್ಟ ಏಕೆ ಎಂದು ನೀವು ಕೇಳಬಹುದು. ಆ ಅಲೆ ಇಳಿದ ಮೇಲೆ ಜನ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದನ್ನು ಕಡಿಮೆ ಮಾಡಿದರು. ಕೆಲವರು ಮನೆಯಲ್ಲೇ ಕಿಟ್ ತಂದು ನೋಡಿಕೊಂಡು ಸುಮ್ಮನಾಗುತ್ತಿದ್ದರು. ಆಸ್ಪತ್ರೆಯ ಲೆಕ್ಕ ನೋಡಿದರೆ ರೋಗವೇ ಇಲ್ಲ. ಆದರೆ ಪರೀಕ್ಷೆಗೆ ಹೋಗದವರೂ ಸಂಡಾಸಿಗೆ ಹೋಗಲೇಬೇಕಲ್ಲ! ಲಕ್ಷಣ ಕಾಣಿಸುವ ಮೊದಲೇ ವೈರಾಣು ಮಲದಲ್ಲಿ ಹೊರಬರಬಹುದು. ನೆದರ್‌ಲ್ಯಾಂಡ್ಸ್‌ನ ಅಮರ್ಸ್‌ಫೋರ್ಟ್ ಊರಿನಲ್ಲಿ 2020ರ ಮಾರ್ಚ್‌ನಲ್ಲಿ ಮೊದಲ ರೋಗಿಯ ವರದಿ ಬರುವುದಕ್ಕೆ 6 ದಿನ ಮುಂಚೆಯೇ ಕೊಳಚೆಯಲ್ಲಿ ಸುಳಿವು ಸಿಕ್ಕಿತ್ತು. ಆಸ್ಪತ್ರೆಗಳಲ್ಲಿ ಹಾಸಿಗೆ, ಆಮ್ಲಜನಕ ಹೊಂದಿಸಿಕೊಳ್ಳಲು ಅಷ್ಟು ದಿನ ಸಿಕ್ಕರೂ ದೊಡ್ಡದು.

ಇನ್ನು ಹೊಳೆಯ ಮಾತು. ಕೊರೊನಾ ಬಿಟ್ಟು ಬೇರೆ ಕೆಲವು ವೈರಾಣುಗಳ ವಿಷಯದಲ್ಲಿ ನಿಮ್ಮ ಭಯಕ್ಕೆ ಆಧಾರವಿದೆ. ಹೆಪಟೈಟಿಸ್ ಎ, ಹೆಪಟೈಟಿಸ್ ಇ (ಕಾಮಾಲೆ ತರುವ ವೈರಾಣುಗಳು), ಮಕ್ಕಳಿಗೆ ವಾಂತಿ ಭೇದಿ ಮಾಡುವ ರೋಟಾವೈರಸ್, ಇವು ನಿಜಕ್ಕೂ ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಸಾಗುತ್ತವೆ. ಹೆಪಟೈಟಿಸ್ ಇ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಕ್ಕೇ ಸಂಚಕಾರ ತರಬಹುದು. ಆದ್ದರಿಂದ ಹೊಳೆ ನೀರನ್ನು ಹಾಗೆಯೇ ಕುಡಿಯಬೇಡಿ. ಕುದಿ ಬಂದ ಮೇಲೆ ಒಂದು ನಿಮಿಷ ಕೊತಕೊತನೆ ಕುದಿಸಿ ಆರಿಸಿ ಕುಡಿಯಿರಿ. ನಳದ ನೀರಾದರೆ ಕ್ಲೋರಿನ್ ಇದೆಯೇ ಎಂದು ಪಂಚಾಯಿತಿಯ ವಾಟರ್‌ಮನ್ ಅಥವಾ ಆರೋಗ್ಯ ಸಹಾಯಕರಿಂದ ಓಟಿ ಟೆಸ್ಟ್ (ನೀರಿಗೆ ದ್ರಾವಣದ ಹನಿ ಹಾಕಿ ಹಳದಿ ಬಣ್ಣ ಬರುತ್ತದೆಯೇ ಎಂದು ನೋಡುವುದು) ಮಾಡಿಸಿ. ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಮೊಮ್ಮಕ್ಕಳು ಈಜಲಿ, ತಡೆಯಬೇಡಿ. ಆದರೆ ಹಳ್ಳ, ಗಟಾರ ಬಂದು ಸೇರುವ ಜಾಗದಲ್ಲಿ ಬೇಡ. ಮೊದಲ ಮಳೆಯ ಕೆಂಪು ನೀರಿನಲ್ಲಿ, 2019ರ ಆಗಸ್ಟ್‌ನಲ್ಲಿ ಬಂದಂಥ ಪ್ರವಾಹ ಇಳಿದ ನಂತರದ ದಿನಗಳಲ್ಲಿ ಅಂತೂ ಬೇಡವೇ ಬೇಡ. ಸಂಡಾಸಿನ ಗುಂಡಿಗಳೆಲ್ಲ ಆಗ ಹೊಳೆಯ ಪಾಲಾಗಿರುತ್ತವೆ.

ಪ್ರಶ್ನೆ: ನಮ್ಮ ಓಣಿಯ ಗಟಾರದಿಂದ ನೀರು ಒಯ್ದು ಪರೀಕ್ಷೆ ಮಾಡಿದರೆ ಯಾವ ಮನೆಯವರಿಗೆ ರೋಗ ಇದೆ ಎಂದು ತಿಳಿದುಬಿಡುತ್ತದೆಯೇ? 2020ರಲ್ಲಿ ಓಣಿಗೆ ತಗಡು ಬಡಿದು ಸೀಲ್‌ಡೌನ್ ಮಾಡಿದಾಗ ಮಗ್ಗ ನಿಂತು, ನೇಯ್ದ ಸೀರೆ ಮನೆಯಲ್ಲೇ ಉಳಿದು, ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಮತ್ತೆ ಹಾಗೆ ಮಾಡುತ್ತಾರೆಯೇ? ನನ್ನ ತವರಿನವರು ಕಬ್ಬು ಬೆಳೆಯುವವರು. ಅವರಿಗೂ ಇದೇ ಚಿಂತೆ.
– ನೇಕಾರ ಗೃಹಿಣಿ, ಬನಹಟ್ಟಿ

ಉತ್ತರ: ತಾಯಿ, ನೀವು ರೋಗಕ್ಕಿಂತ ಹೆಚ್ಚಾಗಿ ರೋಗದ ಹೆಸರಿನಲ್ಲಿ ಬರುವ ಬಂದೋಬಸ್ತಿಗೆ ಹೆದರಿದ್ದೀರಿ. ಅದನ್ನು ಅನುಭವಿಸಿದವರು ಹೆದರದೆ ಇರುವುದು ಹೇಗೆ?

ಮೊದಲು ಸಮಾಧಾನದ ಮಾತು. ಈ ಪರೀಕ್ಷೆಯಿಂದ ನಿಮ್ಮ ಮನೆ ತಿಳಿಯುವುದಿಲ್ಲ. ನಿಮ್ಮ ತವರಿನವರನ್ನೇ ಕೇಳಿ ನೋಡಿ. ಸಕ್ಕರೆ ಕಾರ್ಖಾನೆಯಲ್ಲಿ ನೂರಾರು ರೈತರ ಕಬ್ಬು ಒಟ್ಟಿಗೆ ನುರಿಯುತ್ತದೆ. ಕೊನೆಗೆ ಹೇಳುವ ರಿಕವರಿ (ಸಕ್ಕರೆ ಇಳುವರಿ) ಇಡೀ ಕಾರ್ಖಾನೆಯದು. ಯಾರ ಹೊಲದ ಕಬ್ಬಿನಲ್ಲಿ ಎಷ್ಟು ಸಕ್ಕರೆ ಇತ್ತು ಎಂದು ಅದರಿಂದ ಹೇಳಲು ಬರುವುದಿಲ್ಲ. ಸಾವಿರಾರು ಮನೆಗಳ ನೀರು ಸೇರುವಲ್ಲಿ ತೆಗೆದ ಬಾಟಲಿಯೂ ಹಾಗೆಯೇ. ಅದರ ಮೇಲೆ ಜಾಗ, ದಿನಾಂಕ, ಹೊತ್ತು ಬರೆದಿರುತ್ತದೆ. ಮನುಷ್ಯರ ಹೆಸರು ಇರುವುದಿಲ್ಲ.

ಆದರೆ ಅರ್ಧ ಮಾತು ಹೇಳಿ ನಿಮ್ಮನ್ನು ಕಳಿಸುವುದು ಸರಿಯಲ್ಲ. ಮಾದರಿ ತೆಗೆಯುವ ಜಾಗ ಮನೆಗಳಿಗೆ ಹತ್ತಿರವಾದಷ್ಟೂ ಸುದ್ದಿ ಕಿರಿದಾಗುತ್ತ ಬರುತ್ತದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ 2020ರ ಆಗಸ್ಟ್‌ನಲ್ಲಿ ಒಂದೇ ಹಾಸ್ಟೆಲಿನ ಕೊಳಚೆಯಲ್ಲಿ ಕೊರೊನಾ ಕಂಡಿತು. ಅಲ್ಲಿದ್ದ 311 ಜನರನ್ನು ಪರೀಕ್ಷಿಸಿದಾಗ ಯಾವ ಲಕ್ಷಣವೂ ಇಲ್ಲದ ಇಬ್ಬರಲ್ಲಿ ಸೋಂಕು ಇರುವುದು ತಿಳಿಯಿತು. ಅಲ್ಲಿ ಅದರಿಂದ ಒಳ್ಳೆಯದೇ ಆಯಿತು. ಆದರೆ ಹತ್ತು ಮನೆಯ ಓಣಿಯಲ್ಲಿ ಅದನ್ನೇ ಮಾಡಿ, ಫಲಿತಾಂಶವನ್ನು ವಾಟ್ಸ್‌ಆ್ಯಪ್‌ಗೆ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಯಾರಾದರೂ ಮಾದರಿ ತೆಗೆಯಲು ಬಂದರೆ ತಡೆಯಬೇಡಿ, ಆದರೆ ಕೇಳಿ. ಎಷ್ಟು ಮನೆಯ ನೀರು ಇಲ್ಲಿಗೆ ಬರುತ್ತದೆ? ಫಲಿತಾಂಶ ಯಾರ ಕೈಗೆ ಹೋಗುತ್ತದೆ? ಸೋಂಕು ಕಂಡರೆ ನೀವು ಏನು ಮಾಡುತ್ತೀರಿ? ಮೂರನೆಯ ಪ್ರಶ್ನೆಯನ್ನು ಒತ್ತಿ ಕೇಳಿ. ಸೋಂಕು ಕಂಡ ಕಡೆ ಜ್ವರ ತಪಾಸಣೆ, ಲಸಿಕೆ, ಔಷಧ ಬರಬೇಕು. ತಗಡು ಬಡಿಯುವುದಕ್ಕೆ ಈ ಪರೀಕ್ಷೆ ಆಧಾರವಾಗಕೂಡದು. ಒಂದು ಬಾಟಲಿ ಕೊಳಚೆಯ ಮಾತು ಕೇಳಿ ಒಂದು ಓಣಿಯ ಮಗ್ಗ ನಿಲ್ಲಿಸುವುದು ವಿಜ್ಞಾನವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಪೋಲಿಯೊ ಹೋಗಿ ಹತ್ತು ವರ್ಷದ ಮೇಲಾಯಿತು ಅನ್ನುತ್ತಾರೆ. ಹಾಗಿದ್ದೂ ಮೊಮ್ಮಗಳಿಗೆ ಹನಿ ಹಾಕುತ್ತಾರೆ, ತೋಳಿಗೆ ಚುಚ್ಚುತ್ತಾರೆ. ದೊಡ್ಡ ಊರುಗಳಲ್ಲಿ ಈಗಲೂ ಗಟಾರದಲ್ಲಿ ಪೋಲಿಯೊ ಹುಡುಕುತ್ತಾರೆ ಎಂದು ನೀವೇ ಬರೆದಿದ್ದೀರಿ. ಇಲ್ಲದ ರೋಗವನ್ನು ಹುಡುಕುವುದೇಕೆ? ಅಥವಾ ಅದು ಇದ್ದು ನಮ್ಮಿಂದ ಮುಚ್ಚಿಡುತ್ತಿದ್ದಾರೆಯೇ?
– ಅಜ್ಜಿ, ಮುಧೋಳ

ಉತ್ತರ: ಅಜ್ಜಿ, ನೀವು ಕೇಳಿದ ಪ್ರಶ್ನೆ ಎಷ್ಟೋ ತಾಯಂದಿರ ಮನಸ್ಸಿನಲ್ಲೂ ಇದೆ. ಬಾಯಿ ಬಿಟ್ಟು ಕೇಳುವುದಿಲ್ಲ ಅಷ್ಟೆ. ಯಾರೂ ಏನನ್ನೂ ಮುಚ್ಚಿಟ್ಟಿಲ್ಲ. ಭಾರತದಲ್ಲಿ ಕಾಡು ಪೋಲಿಯೊ ವೈರಾಣುವಿನಿಂದ (ಲಸಿಕೆಯದಲ್ಲದ, ತಾನಾಗಿ ಹರಡುವ ಮೂಲ ವೈರಾಣು) ಮಗುವೊಂದು ಕೊನೆಯ ಬಾರಿ ಕಾಯಿಲೆ ಬಿದ್ದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಪ್ರಮಾಣಪತ್ರ ಸಿಕ್ಕಿತು.

ಆದರೂ ಹುಡುಕುತ್ತಿರುವುದಕ್ಕೆ ಕಾರಣ ಆ ವೈರಾಣುವಿನ ಗುಣದಲ್ಲಿದೆ. ಪೋಲಿಯೊ ಸೋಂಕಾದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಕೈಕಾಲಿನ ಬಲ ಹೋಗುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ, ಇಲ್ಲವೇ ಸಣ್ಣ ಜ್ವರ ಬಂದು ಹೋಗುತ್ತದೆ. ಆದರೆ ಅವರೆಲ್ಲರ ಮಲದಲ್ಲಿ ವಾರಗಟ್ಟಲೆ ವೈರಾಣು ಹೋಗುತ್ತಿರುತ್ತದೆ. ಕಾಲು ಸೋತ ಮಗುವಿಗಾಗಿ ಕಾದು ಕುಳಿತರೆ ಅಷ್ಟರಲ್ಲಿ ನೂರಾರು ಮಕ್ಕಳಿಗೆ ಹರಡಿ ಆಗಿರುತ್ತದೆ. ಗಟಾರ ನೋಡಿದರೆ ಮೊದಲೇ ಸುಳಿವು ಸಿಗುತ್ತದೆ. ಆದ್ದರಿಂದಲೇ ಮುಂಬೈಯಲ್ಲಿ 2001ರಲ್ಲಿ ಈ ಕೆಲಸ ಶುರುವಾಯಿತು. ಆಮೇಲೆ ದೆಹಲಿ, ಪಟ್ನಾ, ಕೋಲ್ಕತ್ತಾ ಮುಂತಾದ ಊರುಗಳಿಗೂ ಬಂತು. ಕೊರೊನಾ ಕಾಲದಲ್ಲಿ ಹೊಸದೆಂಬಂತೆ ಸುದ್ದಿಯಾದ ಪದ್ಧತಿಗೆ ನಮ್ಮ ದೇಶದಲ್ಲಿ ಆಗಲೇ ಇಪ್ಪತ್ತು ವರ್ಷದ ಬಳಕೆ ಇತ್ತು.

ನಮ್ಮ ನೆರೆಯ ಹೈದರಾಬಾದಿನ ಸಂಗತಿ ಹೇಳುತ್ತೇನೆ. 2016ರಲ್ಲಿ ಅಲ್ಲಿಯ ಅಂಬರ್‌ಪೇಟೆಯ ಕೊಳಚೆಯಲ್ಲಿ ಲಸಿಕೆಯಿಂದ ಹುಟ್ಟಿ ರೂಪ ಬದಲಿಸಿದ ಎರಡನೇ ಮಾದರಿಯ ಪೋಲಿಯೊ ವೈರಾಣು ಸಿಕ್ಕಿತು. ಬಾಯಿಗೆ ಹಾಕುವ ಹನಿಯಲ್ಲಿ ಶಕ್ತಿಗುಂದಿಸಿದ ಜೀವಂತ ವೈರಾಣು ಇರುತ್ತದೆ. ಹೆಚ್ಚು ಮಕ್ಕಳಿಗೆ ಲಸಿಕೆ ಆಗದೇ ಉಳಿದಿರುವ ಜಾಗದಲ್ಲಿ ಅದು ಒಬ್ಬರಿಂದ ಒಬ್ಬರಿಗೆ ತಿಂಗಳುಗಟ್ಟಲೆ ದಾಟುತ್ತ ಹೋದರೆ, ಅಪರೂಪಕ್ಕೆ ಮತ್ತೆ ಶಕ್ತಿ ಪಡೆಯಬಹುದು. ಹೈದರಾಬಾದಿನಲ್ಲಿ ಒಂದು ಮಗುವಿಗೂ ಕಾಯಿಲೆ ಆಗಿರಲಿಲ್ಲ. ಆದರೂ ಸರ್ಕಾರ ತಡಮಾಡಲಿಲ್ಲ. ಹೈದರಾಬಾದ್, ರಂಗಾರೆಡ್ಡಿ ಜಿಲ್ಲೆಗಳಲ್ಲಿ ಸುಮಾರು 3 ಲಕ್ಷ ಮಕ್ಕಳಿಗೆ ಚುಚ್ಚುಮದ್ದಿನ ಲಸಿಕೆ ಹಾಕುವ ವಿಶೇಷ ಅಭಿಯಾನ ನಡೆಸಿತು.

ಗಾಜಾದಲ್ಲಿ ಇದರ ಉಲ್ಟಾ ಆಯಿತು. ಯುದ್ಧದಿಂದ ಲಸಿಕೆಯೂ ಗಟಾರ ವ್ಯವಸ್ಥೆಯೂ ಕೆಟ್ಟುಹೋಗಿದ್ದ ಅಲ್ಲಿ, 2024ರ ಜುಲೈನಲ್ಲಿ ಕೊಳಚೆಯಲ್ಲಿ ಪೋಲಿಯೊ ಇರುವುದು ಖಚಿತವಾಯಿತು. ಹತ್ತು ತಿಂಗಳ ಮಗುವೊಂದರ ಕಾಲು ಪೋಲಿಯೊದಿಂದ ಸೋತಿರುವುದು ಆಗಸ್ಟ್‌ನಲ್ಲಿ ಖಚಿತವಾಯಿತು. ಸುಳಿವು ಸಿಕ್ಕಿತ್ತು, ಸಕಾಲಕ್ಕೆ ಲಸಿಕೆ ಹಾಕಲು ಯುದ್ಧ ಬಿಡಲಿಲ್ಲ.

ಲಸಿಕೆಯಿಂದ ಹುಟ್ಟಿದ ವೈರಾಣು ಎಂದು ಓದಿ ನಿಮಗೆ ಗಾಬರಿ ಆಗಿದ್ದರೆ ಒಂದು ಮಾತು ನೆನಪಿಡಿ. ಅದು ಹುಟ್ಟುವುದು ಲಸಿಕೆ ತಪ್ಪಿದ ಮಕ್ಕಳು ಹೆಚ್ಚಾಗಿರುವ ಕಡೆ. ಆದ್ದರಿಂದ ಅದಕ್ಕೆ ಮದ್ದು ಲಸಿಕೆಯೇ. ಮೊಮ್ಮಗಳಿಗೆ ಹುಟ್ಟಿದಾಗ, ಆಮೇಲೆ 6, 10, 14 ವಾರಕ್ಕೆ ಹನಿ. 6 ವಾರ, 14 ವಾರ, 9 ತಿಂಗಳಿಗೆ ತೋಳಿಗೆ ಚುಚ್ಚುಮದ್ದು. ಒಂದೂವರೆ ವರ್ಷದ ಹೊತ್ತಿಗೆ ಮತ್ತೊಮ್ಮೆ ಹನಿ. ಒಂದು ತಪ್ಪಿದ್ದರೂ ತಾಯಿ ಕಾರ್ಡ್ ಹಿಡಿದುಕೊಂಡು ಉಪಕೇಂದ್ರಕ್ಕೆ ಹೋಗಿ, ತಡವಾಯಿತೆಂದು ಯಾರೂ ವಾಪಸು ಕಳಿಸುವುದಿಲ್ಲ.

ನಿಮ್ಮ ತಾಲ್ಲೂಕಿಗೇ ಸೇರಿದ ಇನ್ನೊಂದು ಮಾತು ಇದೆ. ಹಂಗಾಮಿನಲ್ಲಿ ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಗ್ಯಾಂಗುಗಳು ಬರುತ್ತವೆ. ಹೊಲದ ಬದಿಯ ಜೋಪಡಿಯಲ್ಲಿ ಅವರ ಕೂಸುಗಳೂ ಇರುತ್ತವೆ. ಊರು ಬಿಟ್ಟು ಊರಿಗೆ ಹೋಗುವಾಗ ಲಸಿಕೆ ತಪ್ಪುವುದು ಇಂಥ ಮಕ್ಕಳಿಗೇ. ನಿಮ್ಮ ಹೊಲದ ಹತ್ತಿರ ಗ್ಯಾಂಗು ಇಳಿದರೆ ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿ. ಹಾಗೆಯೇ 15 ವರ್ಷದೊಳಗಿನ ಯಾವುದೇ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸೋತು ಜೋತುಬಿದ್ದರೆ, ಬಿದ್ದು ಪೆಟ್ಟಾಗಿರಬೇಕು ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. 14 ದಿನದೊಳಗೆ, ಒಂದು ದಿನದ ಅಂತರದಲ್ಲಿ ಎರಡು ಸಲ ಮಲದ ಮಾದರಿ ಪಡೆದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ ಅಂಥದ್ದೊಂದು. ಬಹುಪಾಲು ಇಂಥ ಸೋಲು ಬೇರೆ ಕಾರಣದ್ದೇ ಆಗಿರುತ್ತದೆ. ಆದರೆ ಪರೀಕ್ಷೆಯಿಲ್ಲದೆ ಅದು ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಯುಜಿಡಿ (ಒಳಚರಂಡಿ) ಇಲ್ಲ. ಇರುವುದು ತೆರೆದ ಗಟಾರ. ಬೆಂಗಳೂರಿನವರಿಗೆ ಮುಂಚೆ ಸುದ್ದಿ ಸಿಗುತ್ತದೆ, ಹಳ್ಳಿಯವರು ರೋಗ ಬಂದ ಮೇಲೇ ತಿಳಿಯಬೇಕೇ? ಸರ್ಕಾರ ಮಾಡದಿದ್ದರೆ ನಾವೇ ಪಟ್ಟಿ ಎತ್ತಿ ಮಾಡಿಸುತ್ತೇವೆ. ನಮ್ಮ ಹಿರಿಯರು ಬ್ಯಾರೇಜನ್ನೇ ಕಟ್ಟಿದವರು. ಗಟಾರದ ನೀರು ಪರೀಕ್ಷೆ ಮಾಡಿಸುವುದು ದೊಡ್ಡದೇ?
– ಯುವಕ ಸಂಘದವರು, ಚಿಕ್ಕಪಡಸಲಗಿ

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ದುಡ್ಡು ಹಾಕಿ, ತಾವೇ ಮೈಮುರಿದು ದುಡಿದು ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜಿನ ಊರಿನವರು ನೀವು. ಮಾಡುತ್ತೇವೆ ಎಂದರೆ ಮಾಡಬಲ್ಲಿರಿ. ಆದರೂ ಈ ಕೆಲಸಕ್ಕೆ ಪಟ್ಟಿ ಎತ್ತಬೇಡಿ ಎಂದೇ ನನ್ನ ಸಲಹೆ. ಕಾರಣ ಹೇಳುತ್ತೇನೆ.

ಈ ಪರೀಕ್ಷೆಗೆ ಬೇಕಾದದ್ದು ಸಂಡಾಸಿನ ನೀರು. ನಿಮ್ಮ ಊರಿನ ಗಟಾರದಲ್ಲಿ ಹರಿಯುವುದು ಬಹುತೇಕ ಬಚ್ಚಲು, ಪಾತ್ರೆ, ಬಟ್ಟೆಯ ನೀರು. ಸಂಡಾಸಿನದು ಮನೆಯ ಹಿಂದಿನ ಗುಂಡಿಗೆ ಇಳಿದು ಅಲ್ಲೇ ಇಂಗುತ್ತದೆ. ಹೀಗಾಗಿ ಊರಿನಲ್ಲಿ ಸೋಂಕು ಇದ್ದರೂ ಗಟಾರದಲ್ಲಿ ಕಾಣದೆ ಹೋಗಬಹುದು. ‘ಇಲ್ಲ’ ಎಂಬ ಫಲಿತಾಂಶ ನಂಬಿ ನೀವು ನಿಶ್ಚಿಂತರಾದರೆ ಅದು ಪರೀಕ್ಷೆ ಮಾಡಿಸದೇ ಇರುವುದಕ್ಕಿಂತ ಕೆಟ್ಟದ್ದು. ಅದರ ಮೇಲೆ ನಿಮ್ಮ ಕಡೆಯ ಬಿಸಿಲು. ತೆರೆದ ಗಟಾರದಲ್ಲಿ ಬಿಸಿಗೆ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಮಳೆ ಬಂದರೆ ನೀರು ತೆಳುವಾಗಿ ಲೆಕ್ಕವೇ ತಪ್ಪುತ್ತದೆ. ಎಷ್ಟು ಜನರ ನೀರು, ಎಷ್ಟು ಲೀಟರ್ ಹರಿಯಿತು ಎಂಬ ಎರಡು ಲೆಕ್ಕ ಇಲ್ಲದೆ ಇವತ್ತಿನ ಫಲಿತಾಂಶವನ್ನು ಮುಂದಿನ ವಾರದ್ದಕ್ಕೆ ಹೋಲಿಸಲು ಬರುವುದಿಲ್ಲ. ರಬಕವಿ ಬನಹಟ್ಟಿಯಂಥ ನೇಕಾರಿಕೆಯ ಊರಿನಲ್ಲಿ ಬಣ್ಣದ ನೀರು ಬೆರೆತರೆ ಪಿಸಿಆರ್‌ ಪರೀಕ್ಷೆಯೇ ಕೆಡಬಹುದು.

ಹಾಗೆಂದು ಹಳ್ಳಿಗಳನ್ನು ಕೈಬಿಡಬೇಕಾಗಿಲ್ಲ. ಗುಂಡಿಗಳನ್ನು ಖಾಲಿ ಮಾಡುವ ಸಕ್ಕಿಂಗ್ ಗಾಡಿ ಹತ್ತಾರು ಮನೆಗಳ ಮಲವನ್ನು ಒಂದು ಟ್ಯಾಂಕಿನಲ್ಲಿ ತುಂಬಿಕೊಂಡು ಹೋಗುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಆದಂಥ ಮಲಕೆಸರು ಸಂಸ್ಕರಣಾ ಘಟಕ ತಾಲ್ಲೂಕಿಗೊಂದು ಆದರೆ, ಗಾಡಿಗಳು ಹೊಲಕ್ಕೋ ಹಳ್ಳಕ್ಕೋ ಸುರಿಯುವುದು ನಿಲ್ಲುತ್ತದೆ, ಮಾದರಿ ತೆಗೆಯಲು ಒಂದು ಗೊತ್ತಾದ ಜಾಗವೂ ಸಿಗುತ್ತದೆ. ಗುಂಡಿಯಲ್ಲಿ ವರ್ಷಗಟ್ಟಲೆ ಕೊಳೆತದ್ದರಿಂದ ಇವತ್ತಿನ ಸುದ್ದಿ ಸಿಗುವುದು ಕಷ್ಟ, ಅದು ನಿಜ. ಹಾಸ್ಟೆಲು, ತಾಲ್ಲೂಕು ಆಸ್ಪತ್ರೆ, ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸುದ್ದಿ ಇನ್ನೂ ತಾಜಾ ಇರುತ್ತದೆ. ಹಳ್ಳಿಯ ಜನ ಅಲ್ಲಿಗೆ ದಿನವೂ ಬಂದು ಹೋಗುತ್ತಾರೆ. ಆದರೆ ಇವೆಲ್ಲ ಜಿಲ್ಲಾಡಳಿತ ಮಾಡಬೇಕಾದ ಕೆಲಸ. ನೀವು ಒತ್ತಾಯಿಸಿ, ಪಟ್ಟಿ ಎತ್ತಬೇಡಿ.

ಸಂಘದ ಹುಮ್ಮಸ್ಸು, ದುಡ್ಡು ಎರಡೂ ಉಪಯೋಗಕ್ಕೆ ಬರುವ ಕೆಲಸ ಬೇರೆ ಇದೆ. ಒಂದು ದಿನ ಊರೆಲ್ಲ ಸುತ್ತಿ, ಕುಡಿಯುವ ನೀರಿನ ಪೈಪು ಎಲ್ಲೆಲ್ಲಿ ಗಟಾರದೊಳಗಿಂದ ಹಾದು ಹೋಗಿದೆ ಎಂದು ಬರೆದುಕೊಳ್ಳಿ. ಪ್ರತಿ ಊರಿನಲ್ಲೂ ಇಂಥ ಜಾಗ ಇದ್ದೇ ಇರುತ್ತದೆ. ನಳ ನಿಂತಾಗ ಒಡಕು ಪೈಪು ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಕಾಮಾಲೆ ಮನೆಮನೆಗೆ ಬರುವುದು ಆ ದಾರಿಯಿಂದಲೇ. ಅವನ್ನು ಮೇಲೆತ್ತಿ ಹಾಕಿಸಿ. ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಶಾಲೆಯ ಮಾಸ್ತರರು, ಆಶಾ ಕಾರ್ಯಕರ್ತೆ, ಔಷಧ ಅಂಗಡಿಯವರು, ಈ ಮೂವರನ್ನು ವಾರಕ್ಕೊಮ್ಮೆ ಮಾತಾಡಿಸಿ. ಒಂದೇ ಓಣಿಯಲ್ಲಿ ಒಂದೇ ವಾರ ಮೂರ್ನಾಲ್ಕು ಜನರಿಗೆ ಒಂದೇ ಬಗೆಯ ಜ್ವರ, ಕಾಮಾಲೆ ಅಥವಾ ವಾಂತಿ ಭೇದಿ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಅಲ್ಲಿಂದ ಸುದ್ದಿ ಬಾಗಲಕೋಟೆಯ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ (ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಕಚೇರಿ) ಹೋಗುತ್ತದೆ. ಯುಜಿಡಿ ಇಲ್ಲದ ಊರಿನಲ್ಲಿ ಬೇಗ ಸುಳಿವು ಕೊಡುವುದು ಇದೇ.

ಪ್ರಶ್ನೆ: ನಾನು ಗಟಾರ ಸ್ವಚ್ಛ ಮಾಡುವವನು. ಕೊಳಚೆಯಲ್ಲಿ ವೈರಾಣು ಇರುತ್ತದೆ ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ. ನನ್ನ ಗತಿ ಏನು?
– ಪೌರಕಾರ್ಮಿಕರು, ರಬಕವಿ

ಉತ್ತರ: ಈ ಸಂಚಿಕೆಯ ಪತ್ರಗಳಲ್ಲಿ ನಿಜವಾದ ಅಪಾಯದ ಹತ್ತಿರ ಇರುವವರು ನೀವೇ. ಕೊರೊನಾಕ್ಕೆ ಹೆದರಬೇಡಿ. ನಿಮಗೆ ಕಾಟ ಕೊಡುವುದು ಕಾಮಾಲೆ, ವಾಂತಿ ಭೇದಿ, ಇಲಿಜ್ವರ, ಧನುರ್ವಾಯು. ಉದ್ದ ಗಂಬೂಟು, ರಬ್ಬರ್ ಕೈಗವಸು, ಮುಖಕ್ಕೆ ಮುಸುಕು ಕೊಡುವುದು ಕೆಲಸ ಮಾಡಿಸುವವರ ಹೊಣೆ. ಕೇಳಿ ಪಡೆಯಿರಿ, ಅದು ಯಾರ ಉಪಕಾರವೂ ಅಲ್ಲ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಿ, ಹೆಪಟೈಟಿಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಸಾಬೂನಿನಿಂದ ಕೈ ತೊಳೆಯದೆ ಬೀಡಿ, ಚಹಾ, ತಂಬಾಕು ಮುಟ್ಟಬೇಡಿ. ಮ್ಯಾನ್‌ಹೋಲ್ ಒಳಗೆ ಇಳಿ ಎಂದು ಯಾರೇ ಹೇಳಿದರೂ ಇಳಿಯಬೇಡಿ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದು, ಮನುಷ್ಯರಿಂದ ಮಲ ಬಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಪ್ರಾಣ ತೆಗೆಯುವುದು ವೈರಾಣುವಲ್ಲ, ವಿಷಗಾಳಿ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಡೆಂಗಿ ಹೆಚ್ಚಾಗಿದೆ. ಗಟಾರದ ನೀರು ಪರೀಕ್ಷಿಸಿ ಎಂದು ನಗರಸಭೆಗೆ ಅರ್ಜಿ ಕೊಡಬೇಕೆಂದಿದ್ದೇವೆ.
– ನಿವಾಸಿಗಳು, ಜಮಖಂಡಿ

ಉತ್ತರ: ನಿಮ್ಮ ಆತಂಕ ಸರಿ, ಅರ್ಜಿ ಮಾತ್ರ ಬೇರೆಯದಾಗಲಿ. ಡೆಂಗಿ ವೈರಾಣು ಇರುವುದು ರಕ್ತದಲ್ಲಿ, ಹರಡುವುದು ಸೊಳ್ಳೆಯಿಂದ. ಕೊಳಚೆಯಲ್ಲಿ ಅದರ ಸುಳಿವು ಸಿಗುವುದು ಬಹಳ ಕಷ್ಟ. ಅದನ್ನು ಹರಡುವ ಈಡಿಸ್ ಸೊಳ್ಳೆಯೂ ಸಾಮಾನ್ಯವಾಗಿ ಗಟಾರದಲ್ಲಿ ಮೊಟ್ಟೆ ಇಡುವುದಿಲ್ಲ. ನಳ ವಾರಕ್ಕೆ ಎರಡು ದಿನ ಬರುತ್ತದೆಂದು ನೀವು ತುಂಬಿಟ್ಟ ಬ್ಯಾರಲ್ಲು, ಮಾಳಿಗೆಯ ಮೇಲಿನ ಟಯರು, ಒಡೆದ ಕೊಡ, ಕೂಲರಿನ ತಳದ ತಿಳಿನೀರು, ಅದು ಬೆಳೆಯುವುದು ಅಲ್ಲಿ. ಲಾರ್ವಾ (ಸೊಳ್ಳೆಯ ಮರಿಹುಳು) ಸಮೀಕ್ಷೆ ಮಾಡಿಸಿ ಎಂದು ಅರ್ಜಿ ಕೊಡಿ. ಅವರು ಬರುವ ಮೊದಲು, ವಾರಕ್ಕೊಂದು ದಿನ ಗೊತ್ತುಮಾಡಿ ಎಲ್ಲ ಮನೆಯವರೂ ಬ್ಯಾರಲ್ಲು ಖಾಲಿ ಮಾಡಿ, ಒಳಬದಿಯನ್ನು ಗಸಗಸ ಉಜ್ಜಿ, ಒಣಗಿಸಿ ಮತ್ತೆ ತುಂಬಿ. ಸುಮ್ಮನೆ ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಒಳಗೋಡೆಗೆ ಅಂಟಿಕೊಂಡಿರುತ್ತದೆ.